ಪುಟ್ಟತಾಯಮ್ಮನ ಮೊದಲ ತುತ್ತು

ನಮ್ಮ ಬೀದಿಯಲ್ಲಿ ಪುಟ್ಟತಾಯಮ್ಮ ಮುದ್ದೆ ಕಟ್ಟಿದರೆ ಅದರ ಮೊದಲ ತುತ್ತು ಅವಳದೇ. ಮನೆಯವರಿಗಿರಲಿ, ಬಂದ ನೆಂಟರಿಗಿರಲಿ, ಬಡಿಸುವ ಮುಂಚೆ ಎಲ್ಲರಿಗೂ ಕಾಣುವ ಹಾಗೆ ನಿಂತು ಒಂದು ಚೂರು ಮುರಿದು, ಸಾರಿಗೆ ಅದ್ದಿ ನುಂಗುತ್ತಾಳೆ. ಆಮೇಲೆ ತಟ್ಟೆ ಇಡುತ್ತಾಳೆ. ಹೊಸಬರು ನೋಡಿದರೆ ಇವಳೆಂಥ ಹೊಟ್ಟೆಬಾಕಿ ಅಂದುಕೊಂಡಾರು. ನಮ್ಮ ಬಿಂಡಿಗನವಿಲೆ ಕಡೆಯವರಿಗೆ ಮಾತ್ರ ಅದರ ಅರ್ಥ ಗೊತ್ತು. ನೋಡಿಕೊಳ್ಳಿ, ನಾನು ಇದಕ್ಕೆ ಏನೂ ಬೆರೆಸಿಲ್ಲ ಅಂತ ಅವಳು ಬಾಯಿಬಿಟ್ಟು ಹೇಳದೆ ಹೇಳುವ ರೀತಿ ಅದು.

ನಮ್ಮ ಕಡೆ ಊಟದಲ್ಲಿ ಮದ್ದು ಹಾಕುತ್ತಾರೆ ಎನ್ನುವ ಭಯ ಇವತ್ತಿಗೂ ಇದೆ. ಹಾವುರಾಣಿಯನ್ನು ತಲೆಕೆಳಗಾಗಿ ನೇತುಹಾಕಿ ಅದರ ಜೊಲ್ಲಿನಲ್ಲಿ ಮಾಡುತ್ತಾರಂತೆ. ಉಗುರಿನ ಸಂದಿಯಲ್ಲಿಟ್ಟುಕೊಂಡು ಸಾರಿಗೆ ಬೆರೆಸುತ್ತಾರಂತೆ. ತಿಂದವರು ವರ್ಷಗಟ್ಟಲೆ ಸೊರಗಿ ಸಾಯುತ್ತಾರಂತೆ. ಮದ್ದು ಇಟ್ಟುಕೊಂಡವಳು ಆಗಾಗ ಯಾರಿಗಾದರೂ ಹಾಕಲೇಬೇಕಂತೆ, ಯಾರೂ ಸಿಗದಿದ್ದರೆ ಮರಕ್ಕಾದರೂ ಹಾಕುತ್ತಾಳಂತೆ, ಮರ ನಿಂತಲ್ಲೇ ಒಣಗುತ್ತದಂತೆ. ಬರೀ ಅಂತೆಕಂತೆಗಳ ಸಂತೆ. ಕಣ್ಣಾರೆ ಕಂಡವರು ಒಬ್ಬರೂ ನನಗೆ ಸಿಕ್ಕಿಲ್ಲ. ಆದರೂ ಕೆಲವು ಊರುಗಳಿಗೆ ಆ ಹೆಸರು ಅಂಟಿಕೊಂಡಿದೆ. ಅಲ್ಲಿಂದ ಹೆಣ್ಣು ತರುವವರು ಹಿಂದೆ ಮುಂದೆ ನೋಡುತ್ತಾರೆ, ಅಲ್ಲಿನ ಮದುವೆಗೆ ಹೋದವರು ಮುಯ್ಯಿ ಮಾಡಿ ಉಣ್ಣದೆ ಬಸ್ಸು ಹತ್ತುತ್ತಾರೆ. ಪುಟ್ಟತಾಯಮ್ಮನ ತವರು ಅಂಥದ್ದೊಂದು ಊರು. ಹೆಸರು ನಾನು ಬರೆಯುವುದಿಲ್ಲ, ಅಲ್ಲಿ ಮದುವೆಯಾಗಬೇಕಾದ ಹುಡುಗಿಯರು ಇನ್ನೂ ಇದ್ದಾರೆ.

ಅವಳನ್ನು ಮೆಚ್ಚಿ ತಂದವನು ಕರಿಯಯ್ಯ. ಅವನ ತಾಯಿ ಬೇಡ ಅನ್ನಲಿಲ್ಲ. ಆದರೆ ಸೊಸೆಯನ್ನು ಮನೆ ತುಂಬಿಸಿಕೊಂಡ ಮಾರನೆಯ ದಿನವೇ ಒಲೆ ಮುಂದೆ ಕೂರಿಸಿ ಹೇಳಿದಳು: "ಮೊದ್ಲ ತುತ್ತು ನೀನ್ ಉಣ್ಣು. ಆಮೇಕೆ ನಾವು." ಆವತ್ತು ಶುರುವಾದದ್ದು ಮುದುಕಿ ಸಾಯುವ ತನಕ ನಡೆಯಿತು. ಕೊನೆಗಾಲದಲ್ಲಿ ಗಂಜಿ ಕುಡಿಸಿದವಳೂ ಪುಟ್ಟತಾಯಮ್ಮನೇ. ಅತ್ತೆ ಕಣ್ಣು ತೆರೆದು, ಸೊಸೆ ಒಂದು ಗುಟುಕು ಕುಡಿದದ್ದನ್ನು ನೋಡಿಕೊಂಡು, ಆಮೇಲೆ ಬಾಯಿ ತೆರೆದಳಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪುಟ್ಟತಾಯಮ್ಮನಿಗೆ ಉರಿಯುವುದಿಲ್ಲ. "ಜೀವುದ್ ಆಸೆ ಯಾರ್ಗಿಲ್ಲ ಬುಡವ್ವ" ಅಂದು ಸುಮ್ಮನಾಗುತ್ತಾಳೆ. ಅತ್ತೆ ಹೋದಳು, ಆಮೇಲೆ ಕರಿಯಯ್ಯನೂ ಹೋದ. ಆ ತುತ್ತು ಮಾತ್ರ ಅವಳ ಕೈ ಬಿಡಲಿಲ್ಲ.

ಆ ತುತ್ತಿಗೆ ಕಾಯದವಳು ಒಬ್ಬಳೇ ಒಬ್ಬಳು. ಕರಿಯಯ್ಯನ ತಮ್ಮ ಸೋಮಯ್ಯನ ಹೆಂಡತಿ, ಬೂಕನಕೆರೆಯಿಂದ ಬಂದ ಮಂಗಳಮ್ಮ. ಬಂದ ಹೊಸತರಲ್ಲಿ ಅವಳಿಗೆ ವಿಷಯ ಗೊತ್ತಿರಲಿಲ್ಲ. ಪುಟ್ಟತಾಯಮ್ಮ ಚೂರು ಮುರಿಯುವಷ್ಟರಲ್ಲಿ ಅವಳು ಅರ್ಧ ಮುದ್ದೆ ನುಂಗಿದ್ದಳು. "ಒಟ್ಟೆ ಅಸ್ದದೆ ಕಣಕ್ಕ, ನೀನ್ ಉಣ್ಣೋಗಂಟ ಯಾರ್ ಕಾಯ್ತರೆ?" ಅಂದಳಂತೆ. ಅತ್ತೆ ಅವಳನ್ನು ಹಿತ್ತಿಲಿಗೆ ಕರೆದು ಕಿವಿಯಲ್ಲಿ ಎಲ್ಲ ಹೇಳಿದಳು. ಮಾರನೆಯ ದಿನವೂ ಮಂಗಳಮ್ಮ ಕಾಯಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಎದ್ದ ಮೇಲೂ ಸಾರಿನ ಬಟ್ಟಲು ಹಿತ್ತಿಲ ಗೋಡೆ ಮೇಲಿನಿಂದ ಈಚೆಗೆ ಆಚೆಗೆ ಓಡಾಡುತ್ತಲೇ ಇತ್ತು. ವಾರಗಿತ್ತಿಯರು ಜಗಳವಾಡಲಿಲ್ಲ ಅಂತ ಬೀದಿಯವರಿಗೆ ಅದೇ ಒಂದು ಅನುಮಾನ.

ನಾನು ಶ್ವೇತ, ಈ ಊರಿನ ಆಶಾ ಕಾರ್ಯಕರ್ತೆ. ನನ್ನ ಬಾಯಿ ಜೋರು ಅಂತ ಊರಿಗೆಲ್ಲ ಗೊತ್ತು. ಮೂರು ಮನೆ ಆಚೆಗೆ ನನ್ನ ಮನೆ, ಹಾಗಾಗಿ ಮುಂದಿನದನ್ನೆಲ್ಲ ನಾನು ಕಣ್ಣಾರೆ ಕಂಡು, ಕಾಣದ್ದನ್ನು ಕಂಡವರ ಬಾಯಿಂದಲೇ ಕೇಳಿ ಹೇಳುತ್ತಿದ್ದೇನೆ. ಇದರಲ್ಲಿ ಅಂತೆ ಇಲ್ಲ.

ಮಂಗಳಮ್ಮನ ಕಾಯಿಲೆ ಸದ್ದಿಲ್ಲದೆ ಬಂತು. ತುರುಬು ಕಟ್ಟಿಕೊಳ್ಳಲು ಕೈ ಎತ್ತಿದರೆ ಅರ್ಧದಲ್ಲೇ ಬಿದ್ದುಹೋಗುತ್ತಿತ್ತು. ಕೂತವಳು ಏಳಬೇಕಾದರೆ ಗೋಡೆಯೋ ಕಂಬವೋ ಬೇಕು. ಪುಟ್ಟತಾಯಮ್ಮನೇ ಅವಳ ತಲೆ ಬಾಚುತ್ತಿದ್ದಳು. ಆಮೇಲೆ ಕಣ್ಣಿನ ರೆಪ್ಪೆಗಳು ಊದಿ ನೇರಳೆ ಬಣ್ಣಕ್ಕೆ ತಿರುಗಿದವು. ಬೆರಳ ಗೆಣ್ಣುಗಳ ಮೇಲೆಲ್ಲ ಕೆಂಪಗೆ ಒರಟು ಮಚ್ಚೆ ಎದ್ದವು. ಅತ್ತೂ ಅತ್ತೂ ಕಣ್ಣು ಹಂಗಾಗಿದೆ ಅಂದರು ಕೆಲವರು, ಪಾತ್ರೆ ತೊಳೆಯುವ ಪುಡಿ ಕೈಗೆ ಒಗ್ಗಿಲ್ಲ ಅಂದರು ಇನ್ನು ಕೆಲವರು. ಮಂಗಳಮ್ಮ ಪುಡಿ ಬಿಟ್ಟು ಹಳೇ ಕಾಲದ ಹಾಗೆ ಬೂದಿಯಲ್ಲಿ ಪಾತ್ರೆ ಉಜ್ಜತೊಡಗಿದಳು. ಸುತ್ತಮುತ್ತಲ ಕ್ಲಿನಿಕ್ಕುಗಳಲ್ಲಿ ಸೂಜಿ ಚುಚ್ಚಿ, ಗ್ಲೂಕೋಸು ಹಾಕಿ, ವಯಸ್ಸಾಯಿತು, ರಕ್ತ ಕಮ್ಮಿ ಅಂತ ಕಳಿಸಿದರು. ಯಾವುದಕ್ಕೂ ಕಾಯಿಲೆ ಜಗ್ಗಲಿಲ್ಲ.

ಅವರೆಕಾಯಿ ಸುಗ್ಗಿ ಬಂತು. ಒಂದು ಮಧ್ಯಾಹ್ನ ಪುಟ್ಟತಾಯಮ್ಮ ಹಿತ್ಕಿದ ಬೇಳೆ ಸಾರು ಮಾಡಿ ಗೋಡೆ ಮೇಲಿನಿಂದ ಕೊಟ್ಟಳು. ಮಂಗಳಮ್ಮ ಮುದ್ದೆ ಮುರಿದು ಬಾಯಿಗಿಟ್ಟಳು, ಅದು ಗಂಟಲಲ್ಲಿ ನಿಂತಿತು. ನೀರು ಕುಡಿದರೆ ನೀರು ಮೂಗಿನಲ್ಲಿ ಬಂತು. ಸೋಮಯ್ಯ ಎದುರಿಗೇ ಕೂತಿದ್ದ.

"ಸಾರ್ ಯಾರ್ ಕೊಟ್ರು?" ಅಂದ.

ಸೋಮಯ್ಯನ ವಿಷಯ ಒಂದಿಷ್ಟು ಹೇಳಬೇಕು. ಡೇರಿಯಲ್ಲಿ ಹಾಲಿನ ಜಿಡ್ಡು ನೋಡುವ ಮಿಷಿನ್ನಿನ ಮೇಲೆ ಅವನಿಗೆ ಅನುಮಾನ, ಬಸ್ಸಿನ ಕಂಡಕ್ಟರ್ ಮೇಲೆ ಅನುಮಾನ, ಹಟ್ಟಿಗೆ ವಾಪಸ್ಸು ಬಂದ ಕುರಿ ತನ್ನದೇ ಹೌದೋ ಅಲ್ಲವೋ ಎಂದು ಕುರಿಯ ಮೇಲೂ ಅನುಮಾನ. ಅನುಮಾನಂ ಪೆದ್ದರೋಗಂ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಇಷ್ಟೆಲ್ಲ ಅನುಮಾನ ಇರುವವನು, ಯಾರಾದರೂ ಅವನ ಮನಸ್ಸಿನಲ್ಲಿರುವುದನ್ನೇ ಬಾಯಲ್ಲಿ ಹೇಳಿಬಿಟ್ಟರೆ ಮಾತ್ರ ಕಣ್ಣು ಮುಚ್ಚಿ ನಂಬುತ್ತಾನೆ. ಪಾಂಡವಪುರದಾಚೆ ಮದ್ದು ತೆಗೆಯುವವನೊಬ್ಬ ಇದ್ದಾನೆ ಅಂತ ಕೇಳಿ ಹೆಂಡತಿಯನ್ನು ಆಟೋದಲ್ಲಿ ಕರೆದುಕೊಂಡು ಹೋದ. ಅವನು ಯಾವುದೋ ಸೊಪ್ಪಿನ ಹಸಿರು ರಸವನ್ನು ಮಂಗಳಮ್ಮನ ಅಂಗೈಗೆ ಹುಯ್ದು, ಅಲುಗಾಡದೆ ಕೂರು ಅಂದ. ನೋಡನೋಡುತ್ತಿದ್ದ ಹಾಗೆ ರಸ ಮೊಸರಿನ ಹಾಗೆ ಗಟ್ಟಿಯಾಯಿತು.

"ಮದ್ದು ಬಿದ್ದದೆ. ಇಲ್ದಿದ್ರೆ ಯಾಕ್ ಎಪ್ಪುಗಟ್ಟದು? ಅತ್ತಿರುದ್ ಎಂಗುಸ್ರುದೇ ಕೈ" ಅಂದ.

ಅವನು ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ವಾಂತಿಗೆ ಏನೋ ಕುಡಿಸಿದ. ಗಂಟಲಿನಲ್ಲಿ ಬಲವೇ ಇಲ್ಲದವಳು ವಾಂತಿಯನ್ನು ಹೊರಗೆ ಹಾಕುವ ಬದಲು ಅರ್ಧ ಶ್ವಾಸಕ್ಕೆ ಎಳೆದುಕೊಂಡಳು. ಮನೆಗೆ ಬಂದಾಗ ಮೈ ಕೆಂಡ, ಎದೆ ಗೊರಗೊರ. ನಾನು ಸೋಮಯ್ಯನಿಗೆ ಬಾಯಿಗೆ ಬಂದ ಹಾಗೆ ಬೈದು, ಆಂಬುಲೆನ್ಸ್ ಕರೆಸಿ ನಾಗಮಂಗಲದ ಆಸ್ಪತ್ರೆಗೆ ಹಾಕಿದೆ.

ಅಲ್ಲಿದ್ದ ಡಾಕ್ಟರ್ ಚೈತ್ರ ಇನ್ನೂ ಚಿಕ್ಕ ವಯಸ್ಸಿನವರು. ಮೊದಲು ಎದೆಯ ಸೋಂಕಿಗೆ ಔಷಧಿ ಕೊಟ್ಟರು. ಜ್ವರ ಇಳಿದ ಬೆಳಿಗ್ಗೆ ಮಂಗಳಮ್ಮನ ಕೈ ಹಿಡಿದು ಕಿಟಕಿ ಬೆಳಕಿಗೆ ತಿರುಗಿಸಿ ಗೆಣ್ಣುಗಳನ್ನು ನೋಡಿದರು, ರೆಪ್ಪೆ ನೋಡಿದರು. "ಅಮ್ಮಾ, ಕೈ ಎತ್ತಿ ತಲೆ ಬಾಚ್ಕೊಳ್ಳೋ ಹಾಗೆ ಮಾಡಿ ನೋಡೋಣ" ಅಂದರು. ಆಗಲಿಲ್ಲ. "ಎಲ್ಲೂ ಹಿಡ್ಕೊಳ್ಳದೆ ಸ್ಟೂಲಿಂದ ಏಳಿ." ಅದೂ ಆಗಲಿಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಇದನ್ನ ನಾನು ಪುಸ್ತಕದಲ್ಲಿ ಓದಿದೀನಿ, ಕಣ್ಣಲ್ಲಿ ನೋಡ್ತಿರೋದು ಇದೇ ಮೊದಲು. ಲಕ್ಷದಲ್ಲಿ ಎಲ್ಲೋ ಒಬ್ಬಿಬ್ಬರಿಗೆ ಬರುತ್ತೆ. ನನ್ನ ಅನುಮಾನ ನಿಜವಾದರೆ ಮೈಸೂರಿಗೆ ಹೋಗಲೇಬೇಕು" ಅಂದರು.

ಸೋಮಯ್ಯನ ಕಿವಿ ಚುರುಕು. "ನೋಡ್ದಾ, ಡಾಕ್ಟ್ರಮ್ಮುನ್ಗೂ ಅನ್ಮಾನ!" ಅಂದ.

ಆ ಹೊತ್ತಿಗೆ ಪುಟ್ಟತಾಯಮ್ಮ ಕರೆಯದೆಯೇ ಬಸ್ಸು ಹತ್ತಿ ಬಂದು ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಮೈದುನ ಅವಳನ್ನು ನೋಡಿ, "ಯಾಕ್ ಬಂದ್ರಿ ಅತ್ಗೆ? ಮಾಡಿದ್ದು ಸಾಲ್ದಾ?" ಅಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಎದ್ದು ಹೋಗಲಿಲ್ಲ. ಅವನು ಆಚೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದಳು: "ಅವ್ಳು ಉಳೀಲೇಬೇಕು ಶ್ವೇತವ್ವ. ಅವ್ಳೇನಾರ ಓಗ್ಬುಟ್ರೆ ನಾನ್ ಮದ್ದಾಕ್ದೋಳಾಗೇ ಸಾಯ್ತೀನಿ. ಇಷ್ಟ್ ವರ್ಸ ನುಂಗಿದ್ ತುತ್ತೆಲ್ಲ ನೀರ್ ಪಾಲು."

ಇದು ವಾರಗಿತ್ತಿಯ ಮೇಲಿನ ಪ್ರೀತಿಯೋ ತನ್ನ ಹೆಸರಿನ ಚಿಂತೆಯೋ ಅಂತ ನಾನು ಯೋಚಿಸಿದೆ. ಎರಡೂ ಇರಬಹುದು. ಎರಡೂ ಇದ್ದರೆ ತಪ್ಪೇನು?

ಮೈಸೂರಿನಲ್ಲಿ ಇಂಥ ಕೀಲು, ಮಾಂಸಖಂಡಗಳ ಕಾಯಿಲೆಗೇ ಅಂತ ಇರುವ ಡಾಕ್ಟರ್ ಶಿವಶಂಕರ್ ನೋಡಿದರು. ರಕ್ತ ತೆಗೆದರು, ತೋಳಿಗೆ ಸೂಜಿ ಚುಚ್ಚಿ ಮಿಷಿನ್ನಿನಲ್ಲಿ ನೋಡಿದರು. ಕೊನೆಗೆ ತೊಡೆಯಿಂದ ಮಾಂಸದ ಒಂದು ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಬೇಕು ಅಂದಾಗ ಸೋಮಯ್ಯ ಎದ್ದು ನಿಂತ. "ಮಾಂಸ ಯಾತುಕ್ಕೆ? ಮಾಂಸ ಅಂದ್ಬುಟ್ಟು ಕಿಡ್ನಿ ಕಿತ್ಕಂಡ್ರೆ ನಮ್ಗೇನ್ ಗೊತ್ತಾಯ್ತದೆ?" ಎಂದು ಸಹಿ ಹಾಕಲು ಒಪ್ಪಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಪುಟ್ಟತಾಯಮ್ಮ ಅಲ್ಲಿಂದಲೇ, "ನನ್ ತೊಡೇದ್ನೂ ಒಸಿ ಕುಯ್ಕಳ್ಳಿ ಸ್ವಾಮಿ. ಎರಡ್ನೂ ಪಕ್ಕಪಕ್ಕ ಮಡಿಕ್ಕಂಡ್ ನೋಡ್ಲಿ ಇವ್ನು" ಅಂದಳು. ಡಾಕ್ಟರು ನಕ್ಕರು. ಸೋಮಯ್ಯ ನಗಲಿಲ್ಲ, ಆದರೆ ಸಹಿ ಹಾಕಿದ.

ಡರ್ಮಟೋಮಯೊಸೈಟಿಸ್ ಅಂತ ಹೆಸರು ಹೇಳಿದರು. ನಮ್ಮಲ್ಲಿ ಯಾರ ನಾಲಿಗೆಗೂ ಅದು ಹೊರಳಲಿಲ್ಲ. ಒಳಗೆ ಬೇರೆ ಯಾವ ಗಡ್ಡೆಯೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. "ಮೈಯಲ್ಲಿ ಕಾವಲು ಕಾಯೋ ಶಕ್ತಿ ಒಂದಿರುತ್ತೆ. ಹೊರಗಿನಿಂದ ಬಂದ ರೋಗಾಣುವನ್ನ ಹೊಡೆಯೋದು ಅದರ ಕೆಲಸ. ಇವರಲ್ಲಿ ಅದು ತಪ್ಪು ತಿಳ್ಕೊಂಡು ಇವರದೇ ಮಾಂಸಖಂಡ, ಇವರದೇ ಚರ್ಮವನ್ನ ಹೊಡೀತಾ ಇದೆ. ನುಂಗೋದಕ್ಕೂ ಮಾಂಸಖಂಡವೇ ಬೇಕಲ್ಲ, ಅದಕ್ಕೇ ಊಟ ಇಳೀತಿಲ್ಲ. ಯಾರೋ ಏನೋ ತಿನ್ನಿಸಿದ್ದರಿಂದ ಇದು ಬರೋದಿಲ್ಲ."

"ಅಂದ್ರೆ ಮನೇವ್ರ್ ಮೇಲೇ ಅನ್ಮಾನ ಬಿದ್ದಂಗೆ" ಅಂದಳು ಪುಟ್ಟತಾಯಮ್ಮ.

"ಹೌದಮ್ಮ, ಹೆಚ್ಚುಕಮ್ಮಿ ಹಾಗೇ."

ಆ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಮಾತ್ರೆ ದಿನಾ, ವಾರಕ್ಕೊಮ್ಮೆ ಇನ್ನೊಂದು ಮಾತ್ರೆ, ಬಿಸಿಲಿಗೆ ಮೈ ಒಡ್ಡಬಾರದು, ಊಟ ಮೆತ್ತಗಿರಬೇಕು. ಮಾತ್ರೆಯಿಂದ ಹಸಿವು ಹೆಚ್ಚುತ್ತದೆ, ಮುಖ ಊದಿಕೊಳ್ಳುತ್ತದೆ, ಹೆದರಬೇಡಿ ಅಂತಲೂ ಮೊದಲೇ ಹೇಳಿದರು. ಏನೇ ಆದರೂ ತಾವಾಗಿ ನಿಲ್ಲಿಸಬಾರದು ಅಂತ ಬೆರಳೆತ್ತಿ ಹೇಳಿದರು.

ಮನೆಗೆ ಬಂದ ಮೇಲೆ ಮಾಡಿ ಹಾಕುವವರು ಯಾರು? ಮಂಗಳಮ್ಮನಿಗೆ ಮಕ್ಕಳಿಲ್ಲ. ಸೋಮಯ್ಯ ಬೆಳಿಗ್ಗೆ ಕುರಿ ಹೊಡೆದುಕೊಂಡು ಹೋದರೆ ಸಂಜೆಗೇ ಬರುವುದು. ವಿಧಿಯಿಲ್ಲದೆ ಅವನು ಒಪ್ಪಿದ, ಪುಟ್ಟತಾಯಮ್ಮ ಮುದ್ದೆಯನ್ನೂ ಮಾತ್ರೆಯನ್ನೂ ಕೊಡತೊಡಗಿದಳು. ಮೊದಲನೆಯ ದಿನ ತಟ್ಟೆ ಇಟ್ಟು, "ಉಣ್ಣವ್ವ" ಅಂದಳು. ಮಂಗಳಮ್ಮನ ಕೈ ಮಡಿಲಿನಲ್ಲೇ ಇತ್ತು. ಕೈ ಎತ್ತಲು ಆಗುತ್ತಿಲ್ಲವೇನೋ ಅಂದುಕೊಂಡು ತುತ್ತು ಮಾಡಿ ಬಾಯಿಗೆ ಹಿಡಿದಳು. ಬಾಯಿ ತೆರೆಯಲಿಲ್ಲ. ಮಂಗಳಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

ಕಾಯುತ್ತಿದ್ದಳು.

ಪುಟ್ಟತಾಯಮ್ಮ ಆ ತುತ್ತನ್ನು ತಾನೇ ನುಂಗಿದಳು. ಆಮೇಲೆ ಮಂಗಳಮ್ಮ ಬಾಯಿ ತೆರೆದಳು.

ಅವತ್ತು ಪುಟ್ಟತಾಯಮ್ಮ ನಮ್ಮ ಜಗಲಿ ಮೇಲೆ ಕೂತು ಅತ್ತಳು. ಅತ್ತೆ ಕಾಯಿಸಿದಾಗ ಅಳದವಳು, ಮೈದುನ ಅಂದಾಗ ಅಳದವಳು ಅವತ್ತು ಬಿಕ್ಕಿ ಬಿಕ್ಕಿ ಅತ್ತಳು. "ಇಡೀ ಊರೇ ಕಾದಿದ್ರೂ ತಡ್ಕಳ್ತಿದ್ದೆ ಶ್ವೇತವ್ವ. ಅವ್ಳೂ ಕಾದ್ಬುಟ್ಲು" ಅಂದಳು. ನನಗೆ ಮಂಗಳಮ್ಮನ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಕಾಯಿಲೆಯವಳು ಅನ್ನದೆ ಎರಡು ಬಾರಿಸೋಣ ಅನ್ನಿಸಿತು.

ಮಾತ್ರೆ ಕೆಲಸ ಮಾಡಿತು. ಊಟ ಇಳಿಯತೊಡಗಿತು, ಕೈ ಭುಜದ ತನಕ ಎದ್ದಿತು. ಹಸಿವೂ ಕೆರಳಿತು. ಡಾಕ್ಟರು ಹೇಳಿದ್ದ ಹಾಗೆಯೇ ಮುಖವೂ ದುಂಡಗೆ ಊದಿಕೊಂಡಿತು. ಬೀದಿಗೆ ಅಷ್ಟೇ ಸಾಕಾಯಿತು. "ಮಖ ನೋಡ್ದ್ರಾ? ಊದ್ಕಬುಟ್ಟದೆ. ತಿರ್ಗಾ ಆಕವ್ಳೆ" ಅಂತ ನಲ್ಲಿ ಹತ್ತಿರ ಗುಸುಗುಸು. ನಾನು ಮನೆಮನೆಗೆ ಹೋಗಿ ಅದು ಮಾತ್ರೆಯ ಗುಣ ಅಂತ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಯಾರೋ ಪುಣ್ಯಾತ್ಗಿತ್ತಿ ಮಂಗಳಮ್ಮನ ಕಿವಿಗೂ ಊದಿದಳು, ಮಾತ್ರೆ ಕೊಡುವ ಕೈ ಯಾರದು ಒಸಿ ನೋಡಿಕೋ ಅಂತ.

ಸ್ವಲ್ಪ ದಿನದಲ್ಲೇ ಮಂಗಳಮ್ಮನ ಕೈ ಮತ್ತೆ ಕೆಳಗಿಳಿಯಿತು. ಗಂಟಲು ಮತ್ತೆ ಹಿಡಿಯಿತು. ಕಾರಣ ಗೊತ್ತಾಗಲಿಲ್ಲ. ನನಗೆ ಮಾತ್ರೆ ಅಂಗಡಿಯವನ ಮೇಲೆ ಅನುಮಾನ ಬಂದು, ಹೋಗಿ ಜಗಳವಾಡಿಕೊಂಡು ಬಂದೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ಒಂದು ಸಂಜೆ ಪುಟ್ಟತಾಯಮ್ಮ ಪಾತ್ರೆ ಉಜ್ಜಲು ಮಂಗಳಮ್ಮನ ಹಿತ್ತಿಲ ಬೂದಿ ಗುಡ್ಡೆಗೆ ಕೈ ಹಾಕಿದಳು. ಬೂದಿಯ ಜೊತೆಗೆ ಬಿಳಿ ಮಾತ್ರೆಗಳು ಬಂದವು. ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ, ನಾಲಿಗೆ ಕೆಳಗೆ ಇಟ್ಟುಕೊಂಡು, ಪುಟ್ಟತಾಯಮ್ಮ ಅತ್ತ ತಿರುಗಿದ ಮೇಲೆ ಉಗುಳಿ ಅಲ್ಲಿ ಹೂಳಿದ್ದಳು ಮಂಗಳಮ್ಮ.

ಪುಟ್ಟತಾಯಮ್ಮ ಕೂಗಾಡಲಿಲ್ಲ. ನನ್ನನ್ನು ಕರೆಸಿದಳು. ಸೋಮಯ್ಯ ಕುರಿ ಕೂಡಿಹಾಕಿ ಬಂದಿದ್ದ. ಮಾತ್ರೆಗಳನ್ನು ಅವನ ಮುಂದೆ ಇಟ್ಟು, ಬೇಲಿಗೆ ಹೋಗಿ ಒಂದು ಬಳ್ಳಿಯ ಸೊಪ್ಪು ಕಿತ್ತು ತಂದಳು. ನಮ್ಮ ಎದುರಿಗೇ ನೀರಿನಲ್ಲಿ ಕಿವುಚಿ ಬಟ್ಟೆಯಲ್ಲಿ ಸೋಸಿದಳು. ಹಸಿರು ರಸ ಬಂತು.

"ಕೈ ನೀಡಪ್ಪ" ಅಂದಳು ಮೈದುನನಿಗೆ.

ಅವನ ಅಂಗೈಗೆ ಹುಯ್ದಳು, ನನ್ನ ಅಂಗೈಗೆ ಹುಯ್ದಳು, ಮಂಗಳಮ್ಮನ ಅಂಗೈಗೆ ಹುಯ್ದಳು. ಉಳಿದದ್ದನ್ನು ತನ್ನ ಅಂಗೈಗೆ ಸುರಿದುಕೊಂಡಳು. ನಾವು ನಾಲ್ವರೂ ಪ್ರಸಾದಕ್ಕೆ ಕೂತವರ ಹಾಗೆ ಕೈ ಚಾಚಿ ಕೂತೆವು. ನಾಲ್ಕು ಕೈಯಲ್ಲೂ ರಸ ಗಟ್ಟಿಯಾಗಿ ಮೊಸರಿನ ಹಾಗೆ ನಿಂತಿತು.

"ನೋಡ್ಕೊ" ಅಂದಳು ಪುಟ್ಟತಾಯಮ್ಮ. "ನಿನ್ಗೂ ಮದ್ದಾಕಿವ್ನಿ. ಈ ಶ್ವೇತವ್ವುನ್ಗೂ ಆಕಿವ್ನಿ. ನನ್ಗೂ ನಾನೇ ಆಕ್ಕಂಡಿವ್ನಿ. ದಾಗಡಿ ಸೊಪ್ಪು ಕಣಪ್ಪ ಇದು. ಯಾರ್ ಕೈಗ್ ಉಯ್ದ್ರೂ ಇಂಗೇ ಆಯ್ತದೆ, ಕಲ್ಲಿನ್ ಮೇಲ್ ಉಯ್ದ್ರೂ ಆಯ್ತದೆ. ಚಿಕ್ಕುಡ್ಗೀರಾಗಿದ್ದಾಗ ಇದುಕ್ಕೆ ಬೆಲ್ಲ ಆಕ್ಕಂಡು ತಿಂತಿದ್ದೋ, ಮೈಗೆ ತಂಪು ಅಂತ."

ಸೋಮಯ್ಯ ಅಂಗೈಯನ್ನು ಮೂಗಿನ ಹತ್ತಿರ ತಂದು ಮೂಸಿದ. ಪಕ್ಕದಲ್ಲಿ ಉಳಿದಿದ್ದ ಎಲೆಯನ್ನು ತಿರುವಿ ತಿರುವಿ ನೋಡಿದ. "ಆವತ್ತಿಂದೂ ಇದೇ ವಾಸ್ನೆ" ಅಂದ. ಆಮೇಲೆ ತಲೆ ತಗ್ಗಿಸಿದ.

ಪುಟ್ಟತಾಯಮ್ಮ ಕೈ ತೊಳೆದುಕೊಂಡು ಮಂಗಳಮ್ಮನ ಮುಂದೆ ಕೂತಳು. "ನಾಳಿಂದ ಮಾತ್ರೆ ನನ್ ಕೈಯಿಂದ ಬ್ಯಾಡ, ಶ್ವೇತವ್ವ ಕೊಡ್ತಳೆ. ಮುದ್ದೆನೂ ಯಾರ್ ಕೈಲಾರ ಮಾಡುಸ್ಕೊ. ನನ್ ಮೇಲ್ ಅನ್ಮಾನ ಇದ್ರೆ ಇರ್ಲಿ, ನೀನ್ ಮಾತ್ರ ಸಾಯ್ಬ್ಯಾಡ" ಅಂದಳು. ಮಂಗಳಮ್ಮ ಗಟ್ಟಿಯಾದ ರಸವನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಕೂತಿದ್ದಳು.

ಮತ್ತೆ ಮೈಸೂರು. ಡಾಕ್ಟರ್ ಶಿವಶಂಕರ್ ಸೌಮ್ಯ ಮನುಷ್ಯ, ಆದರೆ ಬೂದಿಯ ಕಥೆ ಕೇಳಿ ಗುಡುಗಿದರು. ಈ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಕಾಯಿಲೆಗಿಂತ ಮುಂಚೆ ಅದೇ ಜೀವ ತೆಗೆಯಬಹುದು ಅಂದರು. ನರಕ್ಕೆ ಔಷಧಿ ಹಾಕಿಸಿಕೊಂಡು ಬಹಳ ದಿನ ಅಲ್ಲೇ ಇರಬೇಕಾಯಿತು. ಪುಟ್ಟತಾಯಮ್ಮ ಈ ಸಲ ಹೋಗಲಿಲ್ಲ. ದಿನಾ ಸಂಜೆ ನಮ್ಮ ಜಗಲಿಗೆ ಬಂದು, ನನ್ನ ಕೈಲಿ ಆಸ್ಪತ್ರೆಗೆ ಫೋನು ಮಾಡಿಸಿ, ಮಂಗಳಮ್ಮ ಏನು ಉಂಡಳು, ಎಷ್ಟು ಉಂಡಳು ಅಂತ ಕೇಳಿಕೊಂಡು ಹೋಗುತ್ತಿದ್ದಳು.

ಅವಳು ಊರಿಗೆ ಬಂದ ಮೇಲೆ ಮಾತ್ರೆ ನಾನೇ ಕೊಟ್ಟೆ, ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡಿ. ಮುದ್ದೆ ಸೋಮಯ್ಯನೇ ಕಟ್ಟುತ್ತಿದ್ದ, ಬರೀ ಗಂಟು. ಮಂಗಳಮ್ಮ ತಿಂಗಳುಗಟ್ಟಲೆ ಅದನ್ನೇ ತಿಂದು ಮೆಲ್ಲಗೆ ಚೇತರಿಸಿಕೊಂಡಳು. ಡಾಕ್ಟರು ಸ್ಟೀರಾಯ್ಡನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದರು. ಮುಖದ ಊತ ಇಳಿಯಿತು, ಆ ಕೆಟ್ಟ ಹಸಿವೂ ಹೋಯಿತು. ಬೀದಿಯವರು ಬಾಯಿ ಮುಚ್ಚಿಕೊಂಡರು ಅಂತ ನಾನು ಹೇಳುವುದಿಲ್ಲ. ಆವತ್ತಿನ ವಾಂತಿಯಲ್ಲೇ ಅರ್ಧ ಮದ್ದು ಹೋಗಿತ್ತು, ಅದಕ್ಕೇ ಉಳಿದಳು ಅಂತ ಈಗಲೂ ಅನ್ನುತ್ತಾರೆ. ಸೋಮಯ್ಯನೂ ಅತ್ತಿಗೆಯ ಮನೆಯಲ್ಲಿ ಇವತ್ತಿಗೂ ಮೊದಲ ತುತ್ತಿಗೆ ಕಾಯುತ್ತಾನೆ. ಕೇಳಿದರೆ, "ಅಭ್ಯಾಸ ಆಗೋಗದೆ" ಅನ್ನುತ್ತಾನೆ. ಅವನ ಅಭ್ಯಾಸಕ್ಕಿಷ್ಟು ಬೆಂಕಿ ಹಾಕ.

ಈ ವರ್ಷ ಅವರೆ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಪುಟ್ಟತಾಯಮ್ಮ ನನ್ನನ್ನು ಊಟಕ್ಕೆ ಕರೆದಿದ್ದಳು. ಹಿತ್ಕಿದ ಬೇಳೆ ಸಾರಿನ ಘಮ ಬೀದಿಗೆ ಹರಡಿತ್ತು. ಬಾಗಿಲಲ್ಲಿ ಮಂಗಳಮ್ಮ ಬಂದು ನಿಂತಳು. ಬಿಸಿಲಿಗೆ ತಲೆ ತುಂಬ ಸೆರಗು ಹೊದ್ದಿದ್ದಳು. ಸೆರಗು ಸರಿಸಿದಾಗ ಕಂಡಿತು, ತಾನೇ ಕಟ್ಟಿಕೊಂಡ ತುರುಬು, ಒಂಚೂರು ಸೊಟ್ಟಗೆ. ಕರೆಯದೆ ಬಂದು, ಯಾವುದನ್ನೂ ಹಿಡಿಯದೆ ನೆಲಕ್ಕೆ ಕೂತು, "ನನ್ಗೂ ಇಕ್ಕಕ್ಕ" ಅಂದಳು.

ಪುಟ್ಟತಾಯಮ್ಮ ಇನ್ನೊಂದು ತಟ್ಟೆ ತಂದಳು. ಮುದ್ದೆ ಇಟ್ಟಳು, ಸಾರು ಬಿಟ್ಟಳು. ಎಂದಿನ ಹಾಗೆ ನಮ್ಮ ಮುಂದೆ ನಿಂತು ತನ್ನ ಪಾಲಿನ ಮುದ್ದೆಯಿಂದ ಒಂದು ಚೂರು ಮುರಿದಳು, ಸಾರಿಗೆ ಅದ್ದಿದಳು. ಬಾಯಿಯ ಹತ್ತಿರ ತರುವಷ್ಟರಲ್ಲಿ ಮಂಗಳಮ್ಮ ದೊಡ್ಡದೊಂದು ತುತ್ತು ನುಂಗಿ ಎರಡನೆಯದಕ್ಕೆ ಕೈ ಹಾಕಿದ್ದಳು.

"ಒಟ್ಟೆ ಅಸ್ದದೆ ಕಣಕ್ಕ" ಅಂದಳು, ತಟ್ಟೆಯಿಂದ ತಲೆ ಎತ್ತದೆ. "ನೀನ್ ಉಣ್ಣೋಗಂಟ ಯಾರ್ ಕಾಯ್ತರೆ?"

ಪುಟ್ಟತಾಯಮ್ಮನ ತುತ್ತು ಕೈಯಲ್ಲೇ ಉಳಿಯಿತು. ಕಣ್ಣು ತುಂಬಿ ಬಂತು. ತುಪ್ಪ ತರುತ್ತೇನೆ ಅಂತ ಹೇಳಿ ಸರಸರ ಒಳಗೆ ಹೋದಳು.

ನನ್ನ ಬುದ್ಧಿ ಗೊತ್ತಲ್ಲ, ಅನುಮಾನ ಬಂತು. ಮಂಗಳಮ್ಮನ ಕಡೆ ಬಾಗಿ, "ಮಾತ್ರೆ ಹಸಿವು ಮತ್ತೆ ಶುರುವಾಯ್ತಾ?" ಅಂತ ಮೆಲ್ಲಗೆ ಕೇಳಿದೆ.

"ಸುಮ್ಕಿರು ಶ್ವೇತ" ಅಂದಳು ಇನ್ನೂ ಮೆಲ್ಲಗೆ. "ಈಗ್ ತಾನೆ ಮನೇಲಿ ಒಟ್ಟೆ ಬಿರಿಯಂಗೆ ಉಂಡ್ ಬಂದಿವ್ನಿ."

ಪುಟ್ಟತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗಿನಿಂದ ಬಂದಳು. ಒಂದು ಕೈಯಲ್ಲಿ ತುಪ್ಪ, ಇನ್ನೊಂದು ಕೈಯಲ್ಲಿ ಬಿಸಿಬಿಸಿ ಮುದ್ದೆ. "ಒಟ್ಟೆ ಅಸ್ದದೆ ಅಂದ್ಯಲ್ಲ, ಉಣ್ಣವ್ವ" ಅಂದು ಆ ಇಡೀ ಮುದ್ದೆಯನ್ನು ಮಂಗಳಮ್ಮನ ತಟ್ಟೆಗೆ ಹಾಕಿದಳು. ಮಂಗಳಮ್ಮ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಅದನ್ನೂ ಪೂರ್ತಿ ಉಂಡಳು.